ಇಂದ್ರಾಬಾಯಿ ಹೆಸರ ಬರಕೋರಿ

…ಅಲ್ರಿ ವಕೀಲಬಾಯಾರ, ನಾ ಹೇಳಿದ್ದು ಕೇಳಿಸಿತೋ ಇಲ್ಲೋ? ಇಂದ್ರಾಬಾಯಿ. ಇಳಕಲ್ಲದಾಗ ನಮ್ಮ ಓಣಿಯಾಕಿ, ನಮ್ಮ ಗ್ವಾಡಿಗೆ ಗ್ವಾಡಿ ಹತ್ತಿ ಆಕಿ ಮನಿ. ಬರಕೋರಿ. ಪೆನ್ನ ಹಿಡಕೊಂಡ ಕೂತೀರಿ, ಬರಿಯವಲ್ರಿ. ಶಾಯಿ ತೀರೇತೇನು? ನನ್ನ ಸೊಸಿ ಕೇಸಿಗೆ ಕೊಡ್ಲಿ ಹಾಕಿದಾಕಿ ಆಕೀನ. ಆ ವಿಮಾ ಕಂಪನಿ ಮನಷ್ಯಾನ ಮುಂದ ಕೂತು ಇದ್ದದ್ದು ಇಲ್ಲದ್ದು ಎಲ್ಲಾ ಒದರಿದಾಕಿ ಆಕೀನ. ಬ್ಯಾರೆ ಯಾರಿದ್ದಾರು ಮತ್ತ?

ತಡೀರಿ, ಆ ಬಾಗಲಾ ಒಂಚೂರು ಮುಂದ ಮಾಡತೇನಿ. ಸೊಸಿ ಗಂಗಾಗ ಹೇಳದ ಬಂದೇನಿ ನಾ. ಚಾ ಕುಡದ ಬರತೇನಿ ಅಂತ ಹೇಳಿ ಆಕೀನ ಬೇವಿನ ಗಿಡದ ಕಟ್ಟಿ ಮ್ಯಾಲ ಕುಂಡ್ರಿಸಿ, ಕೋರ್ಟಿನ ಹಿಂದಿಂದ ಸುತ್ತ ಹಾಕಿ ನಿಮ್ಮ ಖೋಲಿ ಹುಡಿಕೇನಿ. ‘ಕಾನೂನು ಸೇವಾ’ ಅಂತ ಬೋರ್ಡ ಓದಿದೆ ನೋಡ್ರಿ, ನಾನ ಓದಿದೆ. ಎರಡನೆತ್ತ ತನಕಾ ಸಾಲಿ ಕಲತೇನಿ. ಆಮ್ಯಾಲ ಮಾಸ್ತರ ನಮ್ಮ ಅಪ್ಪನ ಮುಂದ ಅಂದ್ರಂತ, ಈ ಹುಡುಗಿ ಬಾಯಿ ನಿಲ್ಲೂದಿಲ್ಲ, ಉಳಿದವ್ರು ಕಲಿಯೂದಿಲ್ಲ ಅಂತ. ನನ್ನ ಸಾಲಿ ಅಲ್ಲಿಗೇ ಮುಗೀತು.

ನಗತೀರಿ. ನಗರಿ. ನಿಮ್ಮ ನಗಿ ನಿಮ್ಮ ಅಜ್ಜಂದು. ಹೌದ ಮತ್ತ, ನೀವು ತಸ್ಲೀಮಾ ಅಂದ್ರ ಬಣ್ಣದ ಹುಸೇನಸಾಬನ ಮೊಮ್ಮಗಳಲ್ಲೇನ್ರಿ? ನನಗ ಗೊತ್ತಿಲ್ಲದ ಮನಿ ಇಳಕಲ್ಲದಾಗ ಯಾವುದೈತಿ. ನೂಲಿಗೆ ಬಣ್ಣ ಹಾಕಿ ಹಾಕಿ ಅವನ ಕೈ ಮೊಣಕೈತನಾ ಕೆಂಪ. ಲಗ್ನದ ದಿನ ಮದರಂಗಿ ಹಚ್ಚಾಕ ಬಂದವರು ಜಾಗಾ ಹುಡಕಿ ಹುಡಕಿ ತಿರುಗಿ ಹೋದ್ರಂತ. ಆದರ ಅಂವ ಹಾಕಿದ ಕೆಂಪ ಬಿಡತಿರಲಿಲ್ಲ ಬಿಡ್ರಿ. ನನ್ನ ಸೀರಿ ಒಂದು ನಲವತ್ತ ವರ್ಷ ಒಗದ್ರೂ ಹಂಗ ಐತಿ.

ಏನ ಅಂದ್ರಿ? ಹಾಂ, ಕೇಸಿಂದ ಹೇಳತೇನಿ. ಟೈಮಿಲ್ಲ ನಿಮಗ, ಗೊತ್ತೈತಿ.

ನೋಡ್ರಿ, ನಿಮಗ ಗೊತ್ತಿದ್ದದ್ದ, ಆದರೂ ನನ್ನ ಬಾಯಿಲೆ ಒಮ್ಮೆ ಕೇಳ್ರಿ. ಹೋದ ವರ್ಷ ಶ್ರಾವಣದಾಗ ನನ್ನ ಸೊಸಿ ಶಿವಗಂಗಾ ಟಂಟಂ ರಿಕ್ಷಾದಾಗ ಗುಡೂರಿಗೆ ಹೊಂಟಿದ್ಲು. ಹಿಂದಿಂದ ಕಲ್ಲು ಹೇರಿದ ಲಾರಿ ಬಂದು ಗುದ್ದಿತು. ಟಂಟಂ ಮಗ್ಗಲಾತು. ಆಕಿ ಬಲಗೈ ಕಬ್ಬಿಣದ ಸಳಿ ತಳಗ ಸಿಕ್ಕು… ಬಾಗಲಕೋಟಿ ದವಾಖಾನ್ಯಾಗ ಒಳಗ ಪಟ್ಟಿ ಹಾಕಿ ಹೊಲದ್ರು. ಕೈ ಉಳೀತು. ಐದೂ ಬೆರಳ ಅದಾವು. ಆದರ ಮುಚ್ಚೂದಿಲ್ಲ. ಹೆಬ್ಬೆರಳಿಗೆ ತೋರಬೆರಳ ಮುಟ್ಟೂದಿಲ್ಲ. ನಡುವ ಇಷ್ಟ ಜಾಗಾ ಉಳದು ಬಿಡತೈತಿ. ಡಾಕ್ಟರ ಕಾಗದದಾಗ ನಲವತ್ತು ಪರ್ಸೆಂಟ್ ಅಂತ ಬರದ್ರು. ನಾ ಕೇಳಿದೆ, ಅಲ್ರಿ ಸಾಹೇಬ್ರ, ಕೈಯಂತಾದ್ದನ್ನ ಯಾವ ಸೇರಿನ್ಯಾಗ ಹಾಕಿ ಅಳದ್ರಿ, ಉಳಿದ ಅರವತ್ತು ಎಲ್ಲೈತಿ ತೋರಸರಿ ಅಂತ. ಗಂಗಾ ನನ್ನ ಸೆರಗ ಜಗ್ಗಿ ಹೊರಗ ಕರಕೊಂಡ ಬಂದ್ಲು.

ಆ ನಲವತ್ತು ಅನ್ನೂದು ಕುಂತ ತಿನ್ನಾಕಿಗೆ ನಲವತ್ತ ಇರಬೇಕು. ಗಂಗಾಗ ಅದು ನೂರು. ಯಾಕಂದ್ರ ಆಕಿ ಮಾಡೂದು ಕೊಂಡಿ. ನಿಮಗ ತಿಳಿಸಿ ಹೇಳೂದು ಬ್ಯಾಡ, ನೀವು ಹುಸೇನಸಾಬನ ಮನ್ಯಾಕಿ. ಆದರ ಜಡ್ಜಸಾಹೇಬ್ರು ಯಾವ ಊರವರೋ ಏನೋ, ಅದಕ್ಕ ಬರಕೋರಿ. ಇಳಕಲ್ಲ ಸೀರ್ಯಾಗ ಒಡಲಿನ ನೂಲ ಬ್ಯಾರೆ, ಸೆರಗಿನ ರೇಷ್ಮಿ ಬ್ಯಾರೆ. ಮಗ್ಗದ ಮ್ಯಾಲ ಒಂದೊಂದ ಎಳಿಗೆ ಒಂದೊಂದ ಎಳಿ ಕೊಂಡಿ ಹಾಕಿ ಕೂಡಸಬೇಕು. ಸಾವಿರಗಟ್ಟಲೆ ಎಳಿ. ಒಂದ ಹರದ್ರೂ ಸೆರಗಿನ ಮ್ಯಾಲ ಗೀರು ಬರತೈತಿ. ಗಂಗಾ ಅದನ್ನ ಕಣ್ಣ ಮುಚ್ಚಿ ಮಾಡತಿದ್ಲು. ಖರೇನ ಹೇಳತೇನಿ, ಮಾತಾಡಕೋತ, ಆ ಕಡಿ ನೋಡಕೋತ, ಬೆರಳಷ್ಟ ತಾವ ಓಡತಿದ್ದುವು. ಮಗ್ಗದವರು ನಾ ಮುಂದು ನೀ ಮುಂದು ಅಂತ ಹೇಳಿ ಕಳಸತಿದ್ರು.

ಕೂಲಿ ಅನಬ್ಯಾಡ್ರಿ. ಕೂಲಿ ಅಂತ ಬರದ್ರಿ ಏನು? ಹೊಡದ ಹಾಕ್ರಿ ಅದನ್ನ. ಕೈಗಾರಿಕಿ ಅನ್ರಿ. ಕೈಚಳಕ ಅನ್ರಿ. ನಮ್ಮ ಮನಿತನದಾಗ ಹೆಣ್ಮಕ್ಕಳು ಇನ್ನೊಬ್ಬರ ಮನಿಗೆ ಕೂಲಿಗೆ ಹೋದವರಲ್ಲ. ನಮ್ಮ ಅತ್ತಿ ಕಾಲಕ್ಕ ನಾವು ಹೊಸ್ತಲ ದಾಟಿದ್ರ ಗುಡಿಗೆ, ಇಲ್ಲ ಮಠಕ್ಕ. ಆದರ ನನ್ನ ಮಗ ರಾಚಪ್ಪ ಹೋಗಿ ಒಂಬತ್ತ ವರ್ಷ ಆತಲ್ರಿ… ಮಗ್ಗದ ಕುಣಿಯಾಗ ಕಾಲ ಇಳಿಬಿಟ್ಟ ಕೂತಾಂವ ಹಂಗ ಹಿಂದಕ್ಕ ಒರಗಿದ. ಲಾಳಿ ಇನ್ನೂ ಕೈಯಾಗ ಇತ್ತು. ಆಮ್ಯಾಲ ಮನ್ಯಾಗ ಉಳದವರು ಮೂರ ಮಂದಿ. ನಾ, ಗಂಗಾ, ಮೊಮ್ಮಗಳು ರಾಜಶ್ರೀ. ಆ ಕೂಸು ಆಗ ಹತ್ತ ವರ್ಷದ್ದು. ಈಗ ಕಾಲೇಜ ಕಲಿಯಾಕತ್ತೈತಿ.

ಮಗನ ದಿವಸ-ಕರ್ಮ ಮುಗದ ಮ್ಯಾಲ ಗಂಗಾ ಮಧ್ಯಾಹ್ನ ಆತಂದ್ರ ಸೀರಿ ನೆಟ್ಟಗ ಮಾಡಕೊಂಡ ಹೊಂಡತಿದ್ಲು. ನಾ ಓಣ್ಯಾಗ ಅಕ್ಕನ ಬಳಗಕ್ಕ ಹೋಗ್ಯಾಳ ಅಂತ ಹೇಳತಿದ್ದೆ. ವಚನ ಹಾಡಾಕ. ಹಂಗ ನೋಡಬ್ಯಾಡ್ರಿ ನನ್ನ. ಹೇಳಬೇಕಾಗತೈತಿ. ಅವರ ಸೊಸಿ ಹಿಂಗ, ಇವರ ಸೊಸಿ ಹಂಗ ಅಂತ ಐವತ್ತ ವರ್ಷ ಕಟ್ಟಿ ಮ್ಯಾಲ ಕೂತ ಮಾತಾಡಿದಾಕಿ ನಾ. ಎಷ್ಟ ಮನಿ ಹೆಂಚ ಎತ್ತಿ ಇಣುಕೇನಿ. ನನ್ನ ಮನ್ಯಾಗ ಇಣುಕಾಕ ಬಂದ್ರ ಏನರ ಪರದೆ ಬೇಕಲ್ಲ.

ಆತು. ಇಂದ್ರಾಬಾಯಿಗೆ ಬರೋಣ.

ಇಂದ್ರಾಬಾಯಿ ಅಂದ್ರ ನಿಮಗ ಗೊತ್ತಿರಲಿಕ್ಕಿಲ್ಲ, ನೀವು ಆಗ ಹುಟ್ಟಿಲ್ಲ. ಗಂಡ ಪರಊರಿಗೆ ಹೋದಾಗ ಕಂಡಕ್ಟರ್ ಒಬ್ಬನ ಕೂಡ ಬದಾಮಿ ಬನಶಂಕರಿಗೆ ಹೋಗಿದ್ಲು. ಮುಂಜಾನಿ ಹೋಗಿ ಸಂಜೀಕ ಬರಬೇಕಾದಾಕಿ ಮೂರನೇ ದಿನ ಬಂದ್ಲು. ಕೇಳಿದ್ರ ಬಸ್ಸ ಪಂಚರ ಆಗಿತ್ತಂತ. ಎರಡ ದಿನ ಪಂಚರ ಇರಾಕ ಅದೇನು ಬಸ್ಸಿನ ಗಾಲಿನೋ, ಬೀಸೂಕಲ್ಲೋ? ಮತ್ತ ನಗತೀರಿ. ಯಾಕ ನಗತೀರಿ? ಇದನ್ನೂ ಬರಕೋರಿ, ಸಾಕ್ಷಿಕಟ್ಟಿಗೆ ಹತ್ತಿಸಿ ಮೊದಲ ಇದನ್ನ ಕೇಳ್ರಿ. ಅಂಥಾಕಿ ಮಾತ ಕಿಮ್ಮತ್ತು ಏನ ಅಂತ ಸಾಹೇಬ್ರಿಗೂ ತಿಳೀಲಿ.

ಆಕಿ ಹೊಟ್ಟೀಕಿಚ್ಚು ಇವತ್ತಿಂದಲ್ಲ ನಿನ್ನೀದಲ್ಲ. ಆಕಿ ಮನ್ಯಾಗ ಎರಡ ಮಗ್ಗ ಅದಾವು. ಗಂಗಾ ಆಕಿ ಮಗ್ಗಕ್ಕೂ ಕೊಂಡಿ ಹಾಕಿ ಬರತಿದ್ಲು. ಬಂದಾಗೊಮ್ಮೆ ಚಾ ಕೊಟ್ಟು, ಅವಲಕ್ಕಿ ಕೊಟ್ಟು, ನನ್ನ ಬಗ್ಗೆ ಕೇಳತಿದ್ಲಂತ. ‘ನಿಮ್ಮತ್ತಿ ಇವತ್ತ ನಿನ್ನ ಯಾವ ವಚನಕ್ಕ ಕಳಸ್ಯಾಳ’ ಅಂತ. ನನಗ ಇದು ಗಂಗಾ ಹೇಳಲಿಲ್ಲ ಬಿಡ್ರಿ. ಗಂಗಾ ಏನೂ ಹೇಳೂದಿಲ್ಲ. ಗ್ವಾಡಿಗೆ ಕಿವಿ ಹಚ್ಚಿ ನಾನ ಕೇಳೇನಿ.

ಈಗ ಹೇಳ್ರಿ, ವಿಮಾದವರು ಓಣಿಗೆ ಬಂದು ‘ಈಕಿ ದುಡೀತಿದ್ಲೇನು, ಕೈ ಹೆಂಗೈತಿ’ ಅಂತ ಕೇಳಿದ್ರ, ದುಡಿಯಾಕಿ ಅಲ್ಲ, ಕೈ ನೆಟ್ಟಗಾಗೇತಿ ಅಂತ ಹೇಳೂವಂಥಾ ಬಾಯಿ ಯಾರದು? ಆಕೀದ. ಅದರಿಂದ ಏನಾತು ನಿಮಗ ಗೊತ್ತ ಐತಿ. ನೀವು ಗಂಗಾಗ ಹೇಳಿದ್ರಂತ, ಎಷ್ಟು ದುಡೀತಿದ್ಲು ಅನ್ನೂದರ ಮ್ಯಾಲ ಪರಿಹಾರ ನಿಲ್ಲತೈತಿ, ದುಡಿಯಾಕಿ ಅಲ್ಲ ಅಂತಾದ್ರ ಕೈಯಿಂದೇನೂ ಬೆಲಿ ಉಳಿಯೂದಿಲ್ಲ ಅಂತ. ಮಗ್ಗದವರ ಕಡೆ ಹೋದ್ರ ಒಬ್ಬರೂ ಸಾಕ್ಷಿಗೆ ಬರವಲ್ರು. ನಾಳೆ ಲೇಬರ್ ಆಫೀಸಿನವರು ನಮ್ಮ ಮನಿಗೆ ಬಂದ್ರ ಅಂತ ಹೆದರತಾರ. ಆಕಿ ಕೈ ಬೇಕಾದಾಗ ಬಾಗಲಿಗೆ ಬಂದ ನಿಂತವರು, ಆಕಿ ಕೈ ಹೋದ ಮ್ಯಾಲ ಆಕಿ ಗುರ್ತಾ ಇಲ್ಲ ಅಂತಾರ.

ಹ್ಞೂಂ… ಒಂದ ಮಾತ ಕೇಳಬೇಕಾಗಿತ್ತು. ಸುಮ್ಮನ, ತಿಳಕೊಳ್ಳಾಕ. ಆ ವಿಮಾ ಮನಷ್ಯಾ ಮೊಬೈಲಿನ್ಯಾಗ ತುಂಬಕೊಂಡ ಬಂದಾನಂತಲ್ಲ, ಮಾತಾಡಿದ್ದನ್ನ. ರಾಜಶ್ರೀ ಅಂದ್ಲು. ಅದನ್ನ ಕೋರ್ಟಿಗೆ ಹಾಜರ ಮಾಡ್ಯಾರಂತ. ಅದರಾಗ ದನಿ ಅಷ್ಟ ಇರತೈತೋ… ಮಾರೀನೂ ಕಾಣತೈತೋ?

ಸುಮ್ಮನ ಕೇಳಿದ್ನಿ ಅಂದ್ನಲ್ಲ.

ದನಿ ಅಷ್ಟ ಇದ್ದರ ಯಾರದು ಅಂತ ಹೆಂಗ ಹೇಳತಾರ ಅಂತ. ಮುದುಕ್ಯಾರ ದನಿ ಎಲ್ಲಾ ಒಂದ ನಮೂನಿ ಇರತಾವು. ನಂದೂ ಇಂದ್ರಾಬಾಯಿದೂ ಕೇಳಿದ್ರ ಅಕ್ಕತಂಗೇರು ಅನಬೇಕು. ಹಲ್ಲ ಬಿದ್ದ ಬಾಯಿ ಎಲ್ಲಾ ಒಂದ.

ನೀರ ಯಾಕ ಕೊಡತೀರಿ? ನಾ ಬೇಡಿದ್ನೇನು? ಇರಲಿ ಇಡ್ರಿ.

ಅಯ್ಯ, ಇದ ನೋಡ್ರಿ. ಈ ಕಿಡಕ್ಯಾಗಿಂದ ನೋಡ್ರಿ. ನೆನದವರ ಮನದಾಗ ಅನ್ನೂವಂಗ… ಇಂದ್ರಾಬಾಯಿ. ಗೇಟಿನ್ಯಾಗಿಂದ ಬರಾಕತ್ತ್ಯಾಳ ನೋಡ್ರಿ, ಹಸರ ಸೀರಿ, ಕೈಯಾಗ ಕೋಲು. ಇಳಕಲ್ಲ ಬಿಟ್ಟು ಹುನಗುಂದಕ್ಕ ಯಾಕ ಬಂದಾಳ ಈಕಿ? ಕೇಸು ಹೆಂಗ ಬೀಳತೈತಿ ಅಂತ ನೋಡಾಕ ಬಂದಿರತಾಳ. ನಾಚಿಕಿ ಇಲ್ಲದಾಕಿ. ಗಂಗಾನ ಕಡೀನ ಹೊಂಟ್ಲು. ಗಂಗಾ ಎದ್ದ ನಿಂತ್ಲಲ್ಲ… ಕಾಲ ಬೀಳಾಕತ್ತ್ಯಾಳೇನ್ರಿ ಆಕಿ? ಕಾಲ ಮುಟ್ಟಿದ್ಲು ನೋಡ್ರಿ. ಇಂದ್ರಾಬಾಯಿ ಆಕೀನ ಮಗ್ಗಲಿಗೆ ಕುಂಡ್ರಿಸಿಕೊಂಡ್ಲು. ಡಬ್ಬಿ ಬಿಚ್ಚಿದ್ಲು. ರೊಟ್ಟಿ ಮುರದು ಗಂಗಾನ ಬಾಯಿಗೆ…

ಈಕಿ ಯಾಕ ತಿನಸಾಕತ್ತ್ಯಾಳ? ಗಂಗಾ ಯಾಕ ತಿನ್ನಾಕತ್ತ್ಯಾಳ?

ವಕೀಲಬಾಯಾರ, ನಾ ಕೇಳಾಕತ್ತೇನಿ ನಿಮ್ಮನ್ನ.

ಆ ಕಾಗದ ಯಾಕ ಅತ್ತ ಸರಸತೀರಿ? ತೋರಸರಿ. ಇಲ್ಲಿ ಕೊಡ್ರಿ ಅಂತೇನಿ. ಕನ್ನಡಾನ ಐತಲ್ಲ, ಕೂಡಿಸಿ ಓದಾಕ ಬರತೈತಿ ನನಗ. ‘ಅರ್ಜಿದಾರರ… ಪರ… ಸಾಕ್ಷಿ’. ಒಂದು, ಶಿವ-ಗಂ-ಗಾ. ಎರಡು… ಇಂ… ದ್ರಾ…

ಓ.

ಅದಕ್ಕ ಬರಿಯವಲ್ರಿ ಹಂಗಾರ. ನೀವು ಮೊದಲ ಬರದು ಬಿಟ್ಟೀರಿ.

ಆಕಿ ಒಬ್ಬಾಕೀನ ಬಂದಾಳೇನು? ಓಣಿ ತುಂಬ ಮಗ್ಗ ಅದಾವು, ಉಳದವರು ಯಾರೂ ಬರಲಿಲ್ಲ, ಆಕಿ ಒಬ್ಬಾಕಿ. ‘ನನ್ನ ಮಗ್ಗಕ್ಕ ಕೊಂಡಿ ಹಾಕತಿದ್ಲು, ನಾನ ಕೂಲಿ ಕೊಡತಿದ್ದೆ’ ಅಂತ ಹೇಳಾಕ. ಲೇಬರ್ ಆಫೀಸಿಗೂ ಹೆದರದ. ಬದಾಮಿಗೆ ಹೋಗಾಕೂ ಹೆದರಲಿಲ್ಲ ಬಿಡ್ರಿ ಆಕಿ, ಇದಕ್ಕ ಏನ ಹೆದರತಾಳ.

ಈ ಸಲ ನಗಲಿಲ್ಲ ನೀವು.

ಬಾಯಾರ, ನಾ ಬಂದು ಎಷ್ಟ ಹೊತ್ತಾತು? ಮೊಬೈಲಿನ್ಯಾಗ ಮಾತಾಡಿದಾಕಿ ಇಂದ್ರಾಬಾಯಿ, ಇಂದ್ರಾಬಾಯಿ ಅಂತ ನಾ ಒಂದ ಸವನ ಬಡಕೊಳ್ಳಾಕತ್ತೇನಿ. ಬ್ಯಾರೆ ಯಾರರ ಆಗಿದ್ರ ಕೇಳತಿದ್ರು, ನಿಮಗ ಹೆಂಗ ಗೊತ್ತು, ನೀವು ನೋಡೀರೇನು ಅಂತ. ನೀವು ಕೇಳಲಿಲ್ಲ. ಒಮ್ಮೆನೂ ಕೇಳಲಿಲ್ಲ. ಸುಮ್ಮನ ನನ್ನ ಮಾರಿ ನೋಡಕೋತ ಕೂತೀರಿ.

ನಿಮಗ ಗೊತ್ತೈತಿ.

ಮಾರಿ ಕಾಣತೈತಿ ಅದರಾಗ. ಹೌದಲ್ಲ? ಕಾಣತೈತಿ. ಕಟ್ಟಿ ಮ್ಯಾಲ ಕಾಲ ಚಾಚಿ ಕೂತೇನಿ, ಎಲಿ ಅಡಿಕಿ ಚೀಲಾ ಮಗ್ಗಲಾಗ ಐತಿ…

ಇಲ್ರಿ, ನೀರ ಬ್ಯಾಡ.

ನಾ ಬೇಕಂತ ಮಾಡಿದ್ದಲ್ರಿ ಯವ್ವಾ. ಆ ಲಿಂಗದಾಣೆ. ಕೇಳ್ರಿ ಇಷ್ಟ. ರಾಜಶ್ರೀಗೆ ಶಿರೂರಿನ್ಯಾಗ ಒಂದ ವರಾ ಹೇಳಿದ್ರು. ಚಲೋ ಮನಿತನ, ಬಾವಿ ನೀರಿನ ಹೊಲ. ‘ಈ ವಾರದಾಗ ಯಾರರ ಕೇಳಾಕ ಬರಬಹುದು, ಹುಷಾರ’ ಅಂತ ಹೇಳಿ ಕಳಸಿದ್ರು. ನಮ್ಮ ಕಡಿ ಹೆಂಗ ಐತಿ ನಿಮಗೂ ಗೊತ್ತಿರಬೇಕು. ಕನ್ಯಾದ ಮನಿ ವಿಚಾರ ಮಾಡಾಕ ಬಂದಾಂವ, ನಾ ಬೀಗರ ಕಡ್ಯಾಂವ ಅಂತ ಹೇಳೂದಿಲ್ಲ. ಎತ್ತ ನೋಡಾಕ ಬಂದೇನಿ ಅಂತಾನ, ಮನಿ ಭಾಡಿಗಿ ಐತೇನು ಅಂತಾನ, ಕೂತು ನೀರ ಕುಡೀತಾನ, ನಾಕ ಮಾತ ಕೇಳಿ ಎದ್ದ ಹೋಗತಾನ. ನೀ ಯಾರು ಅಂತ ನಾವೂ ಕೇಳಬಾರದು. ಕೇಳಿದ್ರ ಈ ಮನಿಯವರಿಗೆ ರೀತಿ ಗೊತ್ತಿಲ್ಲ ಅಂತಾರ.

ಅದ ವಾರದಾಗ ಅಂವ ಬಂದ. ಇಸ್ತ್ರಿ ಮಾಡಿದ ಅಂಗಿ, ಕಿಸೆದಾಗ ಎರಡ ಪೆನ್ನು. ‘ಅಮ್ಮಾರ, ನಾ ಬಾಗಲಕೋಟಿ ಕಡಿಂದ ಬಂದೇನಿ, ನಿಮ್ಮ ಮನಿ ಬಗ್ಗೆ ಸ್ವಲ್ಪ ಕೇಳೂದಿತ್ತು’ ಅಂದ. ಶಿರೂರು ಬಾಗಲಕೋಟಿ ಕಡೀನ ಅಲ್ಲೇನ್ರಿ? ನಾ ಏನ ತಿಳಕೋಬೇಕು? ಕುಂಡ್ರಪಾ ಅಂದೆ. ಬೆಲ್ಲದ ಚಾ ಮಾಡಿ ಕೊಟ್ಟೆ. ಮೊಬೈಲ್ ಕೈಯಾಗ ಹಿಂಗ ಎದಿ ಮುಂದ ಹಿಡಕೊಂಡ ಕೂತಿದ್ದ. ಈಗಿನ ಹುಡುಗರು ಹಂಗ ಹಿಡಕೊಂಡ ಕೂಡತಾರ, ನನಗೇನ ಗೊತ್ತು.

‘ಸೊಸಿ ಎಲ್ಯಾರ ಕೆಲಸಕ್ಕ ಹೋಗತಿದ್ರೇನು’ ಅಂದ. ಇದನ್ನ ಕೇಳಾಕ ಬಂದಾನ ಅಂದಕೊಂಡೆ. ಕೂಲಿ ಮಾಡೂ ಮನಿ ಹುಡುಗಿ ಅಂತ ತಿಳದ್ರ ಶಿರೂರವರು ಒಲ್ಲೆ ಅಂತಾರ. ನಾ ಅಂದೆ, ‘ನಮ್ಮ ಮನಿ ಹೆಣ್ಮಕ್ಕಳು ಹೊಸ್ತಲ ದಾಟಿದವರಲ್ರಿ. ಅಕ್ಕನ ಬಳಗಕ್ಕ ಹೋಗಿ ನಾಕ ವಚನ ಹಾಡಿ ಬರತಾಳ, ಅಷ್ಟ. ನನ್ನ ಮಗ ಗಳಿಸಿಟ್ಟ ಹೋದದ್ದರಾಗ ಕೂತು ಉಣ್ಣತೇವಿ’ ಅಂತ. ಏನ ಗಳಿಸಿಟ್ಟಿದ್ನೋ ನನ್ನ ಮಗ. ಮುರದ ಮಗ್ಗ.

‘ಕೈಗೆ ಪೆಟ್ಟಾಗಿತ್ತಂತಲ್ಲ’ ಅಂದ. ಊನ ಇದ್ದ ಮನಿ ಅಂತ ಬರಬಾರದಲ್ಲ… ತಾಯಿ ಕೈ ಹಂಗಿದ್ರ ಮಗಳ ಬಾಣಂತನ ಯಾರ ಮಾಡತಾರ ಅಂತ ಕೇಳತಾರ ಮಂದಿ. ನಾ ಅಂದೆ, ‘ಏನೂ ಆಗಿಲ್ಲಪಾ, ಒಂದೀಟ ಉಳುಕಿತ್ತು. ಈಗ ದಿನಾ ಇಪ್ಪತ್ತ ರೊಟ್ಟಿ ಬಡಿತಾಳ, ಎರಡೂ ಕೈಲೆ’ ಅಂತ. ಇಪ್ಪತ್ತು. ಯಾಕ ಇಪ್ಪತ್ತ ಅಂದೆ ನಾ, ನಾವು ಮೂರು ಮಂದಿ.

ಅಷ್ಟರಾಗ ಒಳಗಿಂದ ಸಪ್ಪಳಾತು. ತಂಬಗಿ ಬಿದ್ದ ಸಪ್ಪಳ. ಗಂಗಾ ಹಿತ್ತಲದಾಗ ಇರತಾಳ ಅಂದಕೊಂಡಿದ್ದೆ, ಒಳಗ ಬಂದಿದ್ಲೋ ಏನೋ, ಬಲಗೈಲೆ ತಂಬಗಿ ಹಿಡಿಯಾಕ ಹೋಗಿರಬೇಕು. ದಿನಾ ಒಮ್ಮೆ ಹಿಡಿದು ನೋಡತಾಳ ಆಕಿ, ಇವತ್ತರ ಹಿಡೀತೈತೇನು ಅಂತ. ಅಂವ ತಿರುಗಿ ನೋಡಿದ. ಏನದು ಅಂದ.

ಬೆಕ್ಕು ಅಂದೆ.

ಬೆಕ್ಕು ಅಂದೆ ನೋಡ್ರಿ. ಆಕಿ ಬೆರಳು ದುಡದದ್ದನ್ನ ಎಂಟ ವರ್ಷ ಉಂಡು, ಬೆಕ್ಕು ಅಂದೆ.

ಶಿರೂರಿಂದ ಯಾರೂ ಬರಲೇ ಇಲ್ರಿ ಆಮ್ಯಾಲ. ಆ ಹುಡುಗಗ ಬ್ಯಾರೆ ಕಡಿ ಆತಂತ. ನಾ ಇನ್ನೂ ದಾರಿ ನೋಡಕೋತ ಇದ್ದೆ. ಇಷ್ಟ ಚಲೋ ಮಾತಾಡೇನಿ, ಯಾಕ ಬರವಲ್ರು ಅಂತ. ಹೋದ ತಿಂಗಳು ರಾಜಶ್ರೀ ಮೊಬೈಲಿನ ಮಾತ ಹೇಳಿದಾಗ ನನಗ ಗೊತ್ತಾತು ಅಂವ ಯಾರಂತ. ಅವತ್ತಿಂದ ಉಂಡದ್ದು ಮೈಗೆ ಹತ್ತಿಲ್ಲ. ಇಂದ್ರಾಬಾಯಿ ಅಂತ ಅಂದುಕೊಂಡ ಮ್ಯಾಲ ಒಂದೀಟ ನಿದ್ದಿ ಬಂತು. ದಿನಾ ಹೇಳಿ ಹೇಳಿ ನನಗ ಆಕೀನ ಖರೆ ಅನಸಾಕತ್ತಿತ್ತು.

ಒಂದ ಕೇಳತೇನಿ. ಇದಕ್ಕರ ಉತ್ತರ ಕೊಡ್ರಿ. ಆ ತಂಬಗಿ ಸಪ್ಪಳಾನೂ ಬಂದೇತೇನ್ರಿ ಅದರಾಗ? ನಾ ಬೆಕ್ಕು ಅಂದದ್ದೂ?

…ಬಂದೇತಿ.

ಗಂಗಾ ಕೇಳಿದ್ಲೇನು?

ಹೋದ ತಾರೀಕಿಗೆ ಬಂದಾಗ ನೀವು ಕೇಳಿಸಿರಬೇಕು. ಕೇಳಿಸಬೇಕಲ್ಲ, ಆಕಿ ಕೇಸು. ಇಲ್ಲೇ ಕೂತ ಕೇಳಿದ್ಲೇನು, ಈ ಕುರ್ಚಿ ಮ್ಯಾಲ? ಏನಂದ್ಲು? ಬೈದ್ಲೇನು? ಬೈದಿದ್ರ ಹೇಳ್ರಿ, ನಾ ಸಿಟ್ಟಾಗೂದಿಲ್ಲ. ಮುದುಕಿ ಬಾಯಿಗೆ ಮಣ್ಣ ಬೀಳಲಿ ಅಂದ್ಲೇನು? ಅತ್ಲೇನು? …ಏನೂ ಅನಲಿಲ್ಲ? ಹಂಗಾರ ಈ ಕಾಗದದಾಗ ನನ್ನ ಹೆಸರ ಯಾಕಿಲ್ಲ? ಮನ್ಯಾಗ ಇರಾಕಿ ನಾ, ಆಕಿ ದುಡದದ್ದು ಕಣ್ಣಾರೆ ನೋಡಿದಾಕಿ ನಾ. ಮೊದಲ ನನ್ನ ಕರೀಬೇಕಾಗಿತ್ತು ನೀವು. ಕರದು, ಅದನ್ಯಾಕ ಹಂಗ ಅಂದಿ ಮುದುಕಿ ಅಂತ ಕೇಳಬೇಕಾಗಿತ್ತು. ಯಾಕ ಕರೀಲಿಲ್ಲ?

ಆಕಿ ಬ್ಯಾಡ ಅಂದ್ಲು.

ಹೌದಲ್ಲ. ನೀವು ತಲಿ ತಗ್ಗಿಸಿದ್ರಿ, ಸಾಕು, ತಿಳೀತು. ‘ನಮ್ಮತ್ತೀನ ಕಟಕಟಿಗೆ ಹತ್ತಸಬ್ಯಾಡ್ರಿ, ಮಂದ್ಯಾಗ ಆಕಿ ಮಾನ ಹೋಗತೈತಿ.’ ಹಿಂಗ ಅಂದಿರಬೇಕು. ಕೇಸ ಬಿದ್ರ ಬೀಳಲಿ ಅಂದ್ಲೇನು? ಬೀಳಲಿ ಅಂದ್ಲು. ಎಂಥಾ ಹುಚ್ಚಿ ನೋಡ್ರಿ. ಮಗಳ ಕಾಲೇಜ ಐತಿ, ಕೈಗೆ ಇನ್ನೊಮ್ಮೆ ಆಪರೇಶನ್ ಆಗಬೇಕು ಅಂದಾರ, ಮುದುಕಿ ಮಾನಕ್ಕ ಗಂಟ ಬಿದ್ದಾಳ. ಮುದುಕಿಗೆ ಎಲ್ಲಿ ಐತಿ ಮಾನ. ನನ್ನ ಮಾನ ಅಂದ್ರ ಅದು ಓಣ್ಯಾಗ ನಾ ಹೇಳಿದ ಸುಳ್ಳ.

ಅವತ್ತ ತಾರೀಕ ಮುಗಿಸಿ ಮನಿಗೆ ಬಂದಾಕಿ ಏನ ಮಾಡಿದ್ಲು ಗೊತ್ತೇನ್ರಿ? ಎಲ್ಲಾ ಕೇಳಿ ಬಂದಾಕಿ. ಬಸ್‌ಸ್ಟ್ಯಾಂಡಿನ್ಯಾಗ ನನಗ ಮೆತ್ತನ್ನ ಬಾಳಿಹಣ್ಣ ತಂದಿದ್ಲು. ಹಲ್ಲಿಲ್ಲಲ್ಲ ನನಗ. ಹಲ್ಲಿಲೆ ಕಚ್ಚಿ ಸಿಪ್ಪಿ ಬಿಡಿಸಿ, ಎಡಗೈಲೆ ಕೊಟ್ಲು. ನಾ ಅಂದೆ, ಎಡಗೈಲೆ ಕೊಡತೀಯಲ್ಲ, ರೀತಿ ಮರತಿಯೇನು ಅಂತ. ‘ತಪ್ಪಾತ್ರಿ ಅತ್ತಿ’ ಅಂದು ಎರಡೂ ಕೈ ಹಚ್ಚಿ ಕೊಟ್ಲು. ಬಲಗೈ ತಳಗ ಇಟ್ಟು, ಎಡಗೈ ಮ್ಯಾಲ ಇಟ್ಟು. ಅಷ್ಟೊತ್ತಿಗೆ ಆಕಿಗೆ ಗೊತ್ತಿತ್ತು. ಬೆಕ್ಕು ಅಂದದ್ದು ಗೊತ್ತಿತ್ತು. ಇವತ್ತೂ… ಬಸ್ಸಿನ್ಯಾಗ ನನಗ ಕಿಡಕಿ ಮಗ್ಗಲ ಸೀಟ ಕೊಟ್ಟು, ತಾ ನಿಂತ ಬಂದ್ಲು. ಒಂದ ಕೈಲೆ ಹಿಡಕೊಂಡ.

ಈಗ ನನ್ನ ಹೆಸರ ಬರಕೋರಿ ಅಂದ್ರ ಬರಕೊಳ್ಳಾಕ ಬರತೈತೇನು? ಮೂರನೇದು ಅಂತ. ಶಿವಲಿಂಗವ್ವ. ನಾ ಹತ್ತತೇನಿ ಕಟಕಟಿ. ನಾ ಅವತ್ತ ಹೇಳಿದ್ದು ಸುಳ್ಳ, ಆಕಿ ಕೂಲಿ ಮಾಡತಿದ್ಲು, ಕೂಲಿ… ಹೌದ್ರಿ ಕೂಲಿ, ಅದನ್ನ ಹೊಡದ ಹಾಕಬ್ಯಾಡ್ರಿ, ಆ ಕೂಲ್ಯಾಗ ನಾವು ಉಂಡೇವಿ ಅಂತ ಹೇಳತೇನಿ.

ಪೆನ್ನ ಯಾಕ ಕೆಳಗ ಇಟ್ರಿ?

ನಂಬೂದಿಲ್ಲೇನು ಅವರು? ಅವರ ವಕೀಲ ಎದ್ದ ನಿಂತು, ಅವತ್ತೊಂದ ಮಾತ ಇವತ್ತೊಂದ ಮಾತ, ಇದು ಎರಡ ಬಾಯಿ ಮುದುಕಿ ಅಂತಾನ. ಅನ್ನತಾನ ಮತ್ತ. ಐವತ್ತ ವರ್ಷ ನಾ ಬಾಯಿಗೆ ಬಂದದ್ದು ಹೇಳಿದೆ, ಓಣಿಗೆ ಓಣಿನ ನಂಬಿತು. ಬದಾಮಿಗೆ ಹೋದ ದಿನ ಆ ಬಸ್ಸ ಖರೇನ ಪಂಚರ ಆಗಿತ್ತೋ ಏನೋ, ಯಾರಿಗೆ ಗೊತ್ತು, ನಾನರ ನೋಡೇನೇನು? ಈಗ ಒಂದ ಖರೆ ಮಾತ ಹೇಳತೇನಂದ್ರ ನೀವೂ ಹೇಳವಲ್ರಿ, ನಂಬತಾರ ಅಂತ.

ಆದರೂ ಬರಕೋರಿ. ನಂಬೂದು ಅವರ ಪಾಲಿಂದು. ಹೇಳೂದು ನನ್ನ ಪಾಲಿಂದು. ಆ ಇಂದ್ರಾಬಾಯಿ ಎದುರಿಗೇ ಹೇಳತೇನಿ, ನಾಳೆ ಆಕಿ ಓಣಿ ತುಂಬ ಹೇಳಕೋತ ಹೋಗಲಿ. ನಾ ಆಗಿದ್ರ ಹೋಗತಿದ್ದೆ.

…ಕೂಗಿದ್ರೇನು? ಗಂಗಾನ ಹೆಸರಲ್ಲ ಅದು? ‘ಶಿವಗಂಗಾ ಕೋಂ ರಾಚಪ್ಪ’ ಅಂದ್ರು. ಆಕಿ ಎದ್ದ್ಲು ನೋಡ್ರಿ. ನನ್ನ ಹುಡಕಾಕತ್ತ್ಯಾಳ, ಚಾದಂಗಡಿ ಕಡಿ ನೋಡಾಕತ್ತ್ಯಾಳ.

ಬಾಯಾರ, ಈ ಖೋಲಿಗೆ ಇನ್ನೊಂದ ಬಾಗಲಾ ಐತೇನ್ರಿ?

ಇಲ್ಲೇನು. ಇರಲಿ. ನೀವು ಮುಂದ ನಡೀರಿ. ನಿಮ್ಮ ಆ ಕರೀ ಕೋಟಿನ ಮರಿಗೆ ನಾ ಬರತೇನಿ. ಕಟಕಟಿ ಮುಟ್ಟೂತನಾ 'ಅತ್ತಿ' ಅಂತ ಕರೀಬ್ಯಾಡ ಅಂತ ಆಕಿಗೆ ಹೇಳ್ರಿ. ಕರದ್ಲಂದ್ರ ನನ್ನ ಬಾಯಿ ಏಳೂದಿಲ್ಲ.